ಕಬ್ಬಿನ ಕಾಟಾ, ಗ್ಯಾಸಿನ ಗಂಟೆ: ಸೆನ್ಸರ್ ಇದ್ದರಷ್ಟೇ ಸಾಕೇ?

2025ರ ನವೆಂಬರ್‌ನಲ್ಲಿ ಮುಧೋಳ ಸೀಮೆಯ ಕಬ್ಬು ಬೆಳೆಗಾರರು ಟನ್ನಿಗೆ ₹3,500 ಕೊಡಿ ಎಂದು ಬೀದಿಗಿಳಿದಿದ್ದರು. ದರದ ಮಾತು ರಾಜ್ಯಕ್ಕೆಲ್ಲ ಕೇಳಿಸಿತು. ಆದರೆ ಜಮಖಂಡಿ, ಮುಧೋಳ, ಬೀಳಗಿ ಕಡೆ ಯಾವ ಚಹಾದಂಗಡಿಯಲ್ಲಿ ಕೂತರೂ ದರದ ಬೆನ್ನಿಗೇ ಇನ್ನೊಂದು ಪ್ರಶ್ನೆ ಬರುತ್ತದೆ: ‘ಕಾಟಾ ಸರಿ ಐತೇನ್ರಿ?’

ಕಾಟಾದ ಒಳಗೆ ಏನಿದೆ ನೋಡೋಣ. ಟ್ರ್ಯಾಕ್ಟರ್ ನಿಲ್ಲುವ ಹಲಗೆಯ ಕೆಳಗೆ ಲೋಡ್ ಸೆಲ್ ಎಂಬ ಉಕ್ಕಿನ ತುಂಡುಗಳಿರುತ್ತವೆ. ಭಾರ ಬಿದ್ದಾಗ ಉಕ್ಕು ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಅದಕ್ಕೆ ಅಂಟಿಸಿದ ತೆಳು ಲೋಹದ ಎಳೆ ಹಿಗ್ಗಿ, ವಿದ್ಯುತ್ತಿಗೆ ಅದು ಒಡ್ಡುವ ತಡೆ ಬದಲಾಗುತ್ತದೆ. ಆ ಬದಲಾವಣೆಯೇ ತೂಕ. ಇಲ್ಲಿಯವರೆಗೆ ಮೋಸಕ್ಕೆ ಜಾಗ ಕಡಿಮೆ. ಆದರೆ ಆ ಸಂಕೇತ ವೈರು, ಜಂಕ್ಷನ್ ಬಾಕ್ಸ್, ಇಂಡಿಕೇಟರ್, ಕಂಪ್ಯೂಟರ್ ದಾಟಿ ರೈತರ ಕೈಯ ಚೀಟಿಗೆ ಬರಬೇಕು. ಅಂಕಿ ಬದಲಾಗುವುದಿದ್ದರೆ ಈ ದಾರಿಯಲ್ಲೇ. 20 ಟನ್ ಕಬ್ಬಿನಲ್ಲಿ ಶೇ 1 ವ್ಯತ್ಯಾಸವಾದರೂ 200 ಕಿಲೋ ಹೋಯಿತು. ಟನ್ನಿಗೆ ₹3,000 ಹಿಡಿದರೆ ಒಂದೇ ಗಾಡಿಗೆ ₹600. ಕಾನೂನು ಮಾಪನಶಾಸ್ತ್ರ ಇಲಾಖೆ ವರ್ಷಕ್ಕೊಮ್ಮೆ ಪರಿಶೀಲಿಸಿ ಮುದ್ರೆ ಹಾಕಬೇಕಿರುವುದು ಇದಕ್ಕೇ.

ತೂಕದ ನಂತರ ರಿಕವರಿ. 2025-26ರ ಎಫ್‌ಆರ್‌ಪಿ ಶೇ 10.25 ರಿಕವರಿಗೆ ಕ್ವಿಂಟಲ್‌ಗೆ ₹355. ಅದರ ಮೇಲೆ ಪ್ರತಿ ಶೇ 0.1ಕ್ಕೆ ₹3.46 ಹೆಚ್ಚು, ಅಂದರೆ ಟನ್ನಿಗೆ ₹34.60. ಲ್ಯಾಬಿನ ಅಳತೆಯಲ್ಲಿ, ಮೂಟೆಯ ತೂಕದಲ್ಲಿ ಬರುವ ಸಣ್ಣ ದಶಾಂಶವೂ ಊರಿಗೂರೇ ಬಿಲ್ಲನ್ನು ಮೇಲೆ ಕೆಳಗೆ ಮಾಡಬಲ್ಲದು.

ದುಡ್ಡಿನ ಮಾತು ಇಷ್ಟಾಯಿತು, ಇನ್ನು ಜೀವದ್ದು. 2018ರ ಡಿಸೆಂಬರ್‌ನಲ್ಲಿ ಮುಧೋಳ ತಾಲ್ಲೂಕಿನ ಕಾರ್ಖಾನೆಯೊಂದರ ಡಿಸ್ಟಿಲರಿ ತ್ಯಾಜ್ಯ ಸಂಸ್ಕರಣಾ ಘಟಕದಲ್ಲಿ ಸ್ಫೋಟವಾಗಿ ಕಾರ್ಮಿಕರು ಸತ್ತರು. ಡಿಸ್ಟಿಲರಿಯ ತ್ಯಾಜ್ಯ ನೀರು ಗಾಳಿಯಿಲ್ಲದೆ ಕೊಳೆತರೆ ಮೀಥೇನ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿಯಲ್ಲಿ ಶೇ 5ರಿಂದ 15ರಷ್ಟು ಬೆರೆತಿದ್ದರೆ ಒಂದು ಕಿಡಿ ಸಾಕು. ಜೊತೆಗೆ ಬರುವ ಹೈಡ್ರೋಜನ್ ಸಲ್ಫೈಡ್ ಕೊಳೆತ ಮೊಟ್ಟೆಯಂತೆ ನಾರುತ್ತದೆ, ಪ್ರಮಾಣ ಹೆಚ್ಚಾದರೆ ಮೂಗನ್ನೇ ಮಂಕು ಮಾಡುತ್ತದೆ. ‘ವಾಸನೆ ಹೋಯ್ತು, ಇನ್ನೇನಿಲ್ಲ ಬಿಡ್ರಿ’ ಅಂದುಕೊಂಡು ಒಳಗೆ ಇಳಿದವರು ಮೇಲೆ ಬರಲಿಕ್ಕಿಲ್ಲ. ಹೀಗಾಗಿ ಇಲ್ಲಿ ಮೂಗಿನ ಕೆಲಸವನ್ನು ಗ್ಯಾಸ್ ಡಿಟೆಕ್ಟರ್ ಮಾಡಬೇಕು.

ಆದರೆ ಡಿಟೆಕ್ಟರಿಗೂ ಮುಪ್ಪಿದೆ. ಮೀಥೇನನ್ನು ತನ್ನೊಳಗೆ ಉರಿಸಿ ಅಳೆಯುವ ಬಗೆಯ ಸೆನ್ಸರಿಗೆ ಆಮ್ಲಜನಕ ಬೇಕು; ಮುಚ್ಚಿದ ಟ್ಯಾಂಕಿನಲ್ಲಿ ಅದು ಕಡಿಮೆ ತೋರಿಸಬಹುದು. ಹೈಡ್ರೋಜನ್ ಸಲ್ಫೈಡ್ ತಾಗಿ ತಾಗಿ ಅದು ಮಂಕಾಗುತ್ತದೆ, ಪರದೆ ಮೇಲೆ ಮಾತ್ರ ಸೊನ್ನೆ ಕಾಣುತ್ತಿರುತ್ತದೆ. ಗೊತ್ತಿರುವ ಪ್ರಮಾಣದ ಗ್ಯಾಸ್ ಹಿಡಿದು ಆಗಾಗ ಪರೀಕ್ಷಿಸದಿದ್ದರೆ, ಆ ಸೊನ್ನೆಗೆ ಅಪಾಯ ಇಲ್ಲ ಅಂತ ಅರ್ಥವೋ, ಸೆನ್ಸರ್ ಸತ್ತಿದೆ ಅಂತ ಅರ್ಥವೋ ಹೇಳಲಾಗದು.

ರಬಕವಿ-ಬನಹಟ್ಟಿಯ ನೇಕಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಡ್ರಾಪ್ ವೈರ್ ಇರುವ ಮಗ್ಗದಲ್ಲಿ ಹಾಸಿನ ಎಳೆ ಹರಿದರೆ ಪುಟ್ಟ ತಗಡು ಕೆಳಗೆ ಬೀಳುತ್ತದೆ, ವಿದ್ಯುತ್ ಸಂಪರ್ಕ ಕೂಡುತ್ತದೆ, ಮಗ್ಗ ನಿಲ್ಲುತ್ತದೆ. ಯಾರನ್ನೂ ಕೇಳುವ ಹಾಗಿಲ್ಲ. ಅದೂ ಸೆನ್ಸರೇ. ಅದರ ಗುಣ ಎರಡು: ತಪ್ಪು ಎಲ್ಲರಿಗೂ ಕಾಣುತ್ತದೆ, ಕೆಲಸ ತಾನಾಗಿ ನಿಲ್ಲುತ್ತದೆ.

ಸಕ್ಕರೆ ಕಾರ್ಖಾನೆಗಳಲ್ಲೂ ಕೇಳಬೇಕಾದ್ದು ಇಷ್ಟೇ. ಕಾಟಾದ ಅಂಕಿ ಗಾಡಿ ಹೊಡೆಯುವವರಿಗೂ ಕಾಣಲಿ, ಮುದ್ರೆಯ ದಿನಾಂಕ ಗೋಡೆ ಮೇಲಿರಲಿ. ಗ್ಯಾಸ್ ಡಿಟೆಕ್ಟರ್ ಪರೀಕ್ಷೆಯ ವಹಿ ಕಾರ್ಮಿಕರ ಕೈಗೂ ಸಿಗಲಿ, ಗಂಟೆ ಬಡಿದರೆ ಕೆಲಸ ನಿಲ್ಲಿಸಿ ಹೊರಬರುವ ಅಧಿಕಾರ ಅವರಿಗಿರಲಿ. ಅಂಕಿಯನ್ನು ಮಾಲೀಕರಷ್ಟೇ ನೋಡುವುದಾದರೆ, ಎಷ್ಟು ಸೆನ್ಸರ್ ಕೂರಿಸಿದರೂ ‘ಕಾಟಾ ಸರಿ ಐತೇನ್ರಿ?’ ಎಂಬ ಪ್ರಶ್ನೆ ನಿಲ್ಲುವುದಿಲ್ಲ.