ಪಾನಾ ಹಿಡಿಯುವ ಮುನ್ನ ಒಂದು ಸಹಿ

ಹತ್ತನೆಯ ತರಗತಿಯ ಫಲಿತಾಂಶ ಬಂದ ದಿನಗಳಲ್ಲಿ ಜತ್ತ ತಾಲೂಕಿನ ಹಳ್ಳಿಗಳಿಂದ ಪಾಲಕರು ಮಕ್ಕಳೊಡನೆ ನನ್ನ ಕಚೇರಿಗೆ ಬರುವುದುಂಟು. “ವಕೀಲ ಸಾಹೇಬ್ರ, ಹುಡುಗಗ ಗಾಡಿ ಕೆಲಸದ ಹುಚ್ಚದ. ಮಿರಜದಾಗ ಗ್ಯಾರೇಜಿಗೆ ಹಚ್ಚಲೇನ್ರಿ?” ಎಂದು ಕೇಳುತ್ತಾರೆ. ಧಾರಾಳವಾಗಿ ಹಚ್ಚಿರಿ, ಆದರೆ ಕಾಗದವಿಲ್ಲದೆ ಹಚ್ಚಬೇಡಿರಿ ಎಂಬುದು ನನ್ನ ಉತ್ತರ.

ಈ ಉತ್ತರದ ಹಿಂದೆ ಒಂದು ಕಹಿ ಅನುಭವವಿದೆ. ಕೆಲವು ವರ್ಷಗಳ ಹಿಂದೆ, ಕನ್ನಡ ಶಾಲೆಯಲ್ಲಿ ಓದಿದ ತರುಣನೊಬ್ಬನ ತಂದೆ ನನ್ನಲ್ಲಿಗೆ ಬಂದರು. ಜ್ಯಾಕು ಜಾರಿ ಮಗನ ಎರಡು ಬೆರಳು ಜಜ್ಜಿಹೋಗಿದ್ದವು. ಮೂರು ವರ್ಷ ಅದೇ ಗ್ಯಾರೇಜಿನಲ್ಲಿ ದುಡಿದಿದ್ದ. “ಅವನು ನಮ್ಮ ಆಳಲ್ಲ, ಕಲಿಯಲು ಬರುತ್ತಿದ್ದ” ಎಂದು ಮಾಲೀಕರು ಕೈ ತೊಳೆದುಕೊಂಡರು. ಹಾಜರಿ ಪಟ್ಟಿಯಿಲ್ಲ, ಸಂಬಳದ ಚೀಟಿಯಿಲ್ಲ, ಕರಾರಿಲ್ಲ. ಕೊನೆಗೆ ದೊರೆತದ್ದು ಆಸ್ಪತ್ರೆಯ ಖರ್ಚಿನ ಒಂದು ಭಾಗ ಮಾತ್ರ. ಹುಡುಗನ ಕೈಗುಣಕ್ಕೆ ಓಣಿಯೆಲ್ಲ ಸಾಕ್ಷಿಯಾಗಿತ್ತು. ಕಾನೂನಿನ ಮುಂದಿಡಲು ಒಂದು ಹಾಳೆಯೂ ಇರಲಿಲ್ಲ.

ಹಾಗೆಂದು ಈ ವೃತ್ತಿಗೆ ಹಿಂಜರಿಯಬೇಕಿಲ್ಲ. ದ್ರಾಕ್ಷಿ, ಕಬ್ಬು, ಅರಿಶಿನಗಳ ಈ ಜಿಲ್ಲೆಯಲ್ಲಿ ಹಂಗಾಮಿನ ಹೊತ್ತಿಗೆ ಟ್ರ್ಯಾಕ್ಟರ್ ಒಂದು ದಿನ ನಿಂತರೂ ರೈತನ ಲೆಕ್ಕ ತಪ್ಪುತ್ತದೆ. ಬಲ್ಲ ಕೈಗೆ ಇಲ್ಲಿ ಕೆಲಸದ ಕೊರತೆಯಿಲ್ಲ. ಆದರೆ ಕೆಲಸದ ಸ್ವರೂಪ ಬದಲಾಗಿದೆ. 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಜಾರಿಯಾದ ಮೇಲೆ ಹೊಸ ಬೈಕುಗಳಲ್ಲಿ ಕಾರ್ಬುರೇಟರಿನ ಜಾಗಕ್ಕೆ ಫ್ಯೂಯಲ್ ಇಂಜೆಕ್ಷನ್ ಬಂದಿದೆ. ಸದ್ದು ಕೇಳಿ ದೋಷ ಹೇಳುತ್ತಿದ್ದ ಉಸ್ತಾದರ ಕಿವಿಯ ಜೊತೆಗೆ ಈಗ ಸ್ಕ್ಯಾನರ್ ಮತ್ತು ಮಲ್ಟಿಮೀಟರ್ ಬೇಕು. ವಿದ್ಯುತ್ ಕಾರುಗಳ ಕಿತ್ತಳೆ ಬಣ್ಣದ ತಂತಿಗಳಲ್ಲಿ ಪ್ರಾಣ ತೆಗೆಯುವಷ್ಟು ವೋಲ್ಟೇಜ್ ಇರುತ್ತದೆ. ಅದನ್ನು ನೋಡಿ ನೋಡಿಯೇ ಕಲಿಯುತ್ತೇನೆನ್ನುವುದು ಅಪಾಯ.

ಕಾಲಕ್ಕೆ ತಕ್ಕಂತೆ ಕಸುಬು ಬದಲಿಸುವುದು ಮಿರಜಕ್ಕೆ ಹೊಸತಲ್ಲ. ಇಲ್ಲಿಯ ಸಿತಾರು, ತಂಬೂರಿಗಳನ್ನು ಮಾಡುವ ಮನೆತನಗಳ ಹಿರಿಯರು ಒಂದು ಕಾಲಕ್ಕೆ ಆಯುಧಗಳನ್ನು ಸಾಣೆ ಹಿಡಿಯುತ್ತಿದ್ದ ಶಿಕಲಗಾರರು. ಕತ್ತಿಯ ಕಾಲ ಮುಗಿದಾಗ ಹತ್ತೊಂಬತ್ತನೆಯ ಶತಮಾನದಲ್ಲಿ ಅದೇ ಕೈಗಳು ವಾದ್ಯಗಳತ್ತ ಹೊರಳಿದವು.

ಸರಿಯಾದ ಮೊದಲ ಹೆಜ್ಜೆ ಐಟಿಐ. ಹತ್ತನೆಯ ತರಗತಿ ಪಾಸಾದವರಿಗೆ ಮೆಕ್ಯಾನಿಕ್ ಮೋಟಾರ್ ವೆಹಿಕಲ್ ಎರಡು ವರ್ಷದ್ದು, ಮೆಕ್ಯಾನಿಕ್ ಡೀಸೆಲ್ ಒಂದು ವರ್ಷದ್ದು. ಪ್ರವೇಶ ಹತ್ತನೆಯ ತರಗತಿಯ ಅಂಕಗಳ ಮೇಲೆ. ಮಹಾರಾಷ್ಟ್ರ ಮಂಡಳಿಯ ಹತ್ತನೆಯ ತರಗತಿಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆದ ಮಗುವಿನ ಅಂಕ ಮರಾಠಿಯಲ್ಲಿ ಬರೆದವನ ಅಂಕಕ್ಕೆ ಸಮಾನವೇ. ಹೆಣ್ಣುಮಕ್ಕಳಿಗೂ ಇದೇ ಬಾಗಿಲು ತೆರೆದಿದೆ.

ಎರಡನೆಯ ಹೆಜ್ಜೆ ಅಪ್ರೆಂಟಿಸ್‌ಶಿಪ್. 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ಮಾಲೀಕನಿಗೂ ಕಲಿಯುವವನಿಗೂ ನಡುವೆ ಲಿಖಿತ ಕರಾರು ಆಗಿ, ಅದು ನೋಂದಣಿಯಾಗಬೇಕು. ಮಗ ಹದಿನೆಂಟು ತುಂಬಿಲ್ಲದಿದ್ದರೆ ಪಾಲಕರು ಸಹಿ ಮಾಡಬೇಕು. ತಿಂಗಳ ವಿದ್ಯಾರ್ಥಿ ವೇತನ ಅವನ ಹಕ್ಕು. ಕಲಿಕೆಯ ಕೆಲಸದಲ್ಲಿ ಗಾಯವಾದರೆ ಪರಿಹಾರ ಕೊಡುವುದು ಮಾಲೀಕರ ಹೊಣೆ. ಇನ್ನೊಂದು ಮಾತನ್ನೂ ಮುಚ್ಚಿಡಬಾರದು: ಕಲಿಕೆ ಮುಗಿದ ಮೇಲೆ ಅಲ್ಲಿಯೇ ನೌಕರಿ ಕೊಡಲೇಬೇಕೆಂಬ ಸಾಮಾನ್ಯ ಕಟ್ಟಳೆ ಕಾಯ್ದೆಯಲ್ಲಿಲ್ಲ. ಆದರೆ ಪರೀಕ್ಷೆ ಪಾಸಾಗಿ ಪಡೆದ ಪ್ರಮಾಣಪತ್ರವನ್ನು ಬೇರೆಡೆಯೂ ತೋರಿಸಬಹುದು. ಇನ್ನು, ಹದಿನಾಲ್ಕು ತುಂಬದ ಮಗುವನ್ನು ಗ್ಯಾರೇಜಿನಲ್ಲಿ ಕೆಲಸಕ್ಕೆ ಇಟ್ಟುಕೊಳ್ಳುವುದು ಅಪರಾಧ.

ಭಾಷೆಯ ಅಳುಕು ಹಲವರಿಗಿದೆ. ವರ್ಗದಲ್ಲಿ ಮರಾಠಿ, ಕೈಪಿಡಿಯಲ್ಲಿ ಇಂಗ್ಲಿಷ್, ನಿಜ. ಆದರೆ ವಿದ್ಯುತ್ ಪ್ರವಾಹ, ಘರ್ಷಣೆ, ಒತ್ತಡಗಳ ಪಾಠವನ್ನು ಕನ್ನಡದಲ್ಲಿ ಅರ್ಥ ಮಾಡಿಕೊಂಡ ಹುಡುಗ ಬೇರೆ ಹೆಸರುಗಳನ್ನು ಆರು ತಿಂಗಳಲ್ಲಿ ಕಲಿಯುತ್ತಾನೆ. ಅರ್ಥವಾಗದೆ ಬಾಯಿಪಾಠ ಮಾಡಿದವನಿಗೆ ಹೆಸರು ಗೊತ್ತಿದ್ದರೂ ದೋಷ ಸಿಗುವುದಿಲ್ಲ.

ಆದ್ದರಿಂದ ಪಾಲಕರಲ್ಲಿ ನನ್ನದೊಂದೇ ವಿನಂತಿ. ಮಗನನ್ನು ಗ್ಯಾರೇಜಿಗೆ ಬಿಡುವ ದಿನ, “ಕರಾರು ಎಲ್ಲಿ ಮಾಡೋಣ್ರಿ?” ಎಂದು ಸಂಕೋಚವಿಲ್ಲದೆ ಕೇಳಿರಿ. ಒಳ್ಳೆಯ ಮಾಲೀಕರು ಅದಕ್ಕೆ ಸಿಟ್ಟಾಗುವುದಿಲ್ಲ. ಸಿಟ್ಟಾದರೆ, ಬೇರೆ ಗ್ಯಾರೇಜು ಹುಡುಕಿರಿ.