ಮಣಿಯಲ್ಲಿ ನೇಯ್ದ ಓಲೆ

ಕನ್ನಡದ ‘ಓಲೆ’ ಎಂಬ ಮಾತಿಗೆ ಮೂರು ಅರ್ಥಗಳುಂಟು: ತಾಳೆಯ ಗರಿ, ಬರೆದು ಕಳುಹಿಸುವ ಪತ್ರ, ಕಿವಿಯ ಒಡವೆ. ಮೂರಕ್ಕೂ ಮೂಲ ಒಂದೇ. ತಾಳೆಯ ಗರಿಯ ಮೇಲೆ ಬರೆದುದರಿಂದ ಪತ್ರವು ಓಲೆಯಾಯಿತು. ಅದೇ ಗರಿಯನ್ನು ಸುರುಳಿ ಸುತ್ತಿ ಕಿವಿಯಲ್ಲಿ ಇಟ್ಟುಕೊಂಡುದರಿಂದ ಒಡವೆಯೂ ಓಲೆಯಾಯಿತು. ಇಂದು ಓಲೆ ಎಂದೊಡನೆ ಕಣ್ಣ ಮುಂದೆ ನಿಲ್ಲುವುದು ಚಿನ್ನ, ಇಲ್ಲವೆ ವಜ್ರ. ಆದರೆ ಕಿವಿಯ ಚೆಲುವಿಗೆ ಬೆಲೆಬಾಳುವ ಲೋಹವೇ ಆಗಬೇಕೆಂಬ ನಿಯಮ ಮೊದಲಿನಿಂದ ಬಂದುದಲ್ಲವೆಂದು ಆ ಹೆಸರೇ ಸಾರುತ್ತಿದೆ.

ಚಿನ್ನದ ಜುಮುಕಿ ಜೊತೆಯೊಂದಕ್ಕೆ ಹತ್ತು ಹದಿನೈದು ಗ್ರಾಂ ತೂಗುವುದು ಸಾಮಾನ್ಯ. ಆ ಭಾರವನ್ನೆಲ್ಲ ಹೊರಬೇಕಾದುದು ಎಲುಬಿಲ್ಲದ, ಮೃದುವಾದ ಕಿವಿಯ ಹಾಲೆ. ವರ್ಷಗಳು ಕಳೆದಂತೆ ತೂತು ಉದ್ದವಾಗುತ್ತದೆ. ಕೆಲವರಲ್ಲಿ ಹರಿದೇ ಹೋಗುತ್ತದೆ. ಓಲೆಯಿಂದ ಕೂದಲಿಗೆ ಮಾಟಿಯನ್ನು ಸಿಕ್ಕಿಸುವುದು ಬರಿಯ ಅಲಂಕಾರಕ್ಕಲ್ಲ. ಭಾರವನ್ನು ಹಂಚುವುದಕ್ಕೂ ಹೌದು. ಈಗ ಕೈಕಸುಬಿನ ಪ್ರದರ್ಶನಗಳಲ್ಲಿಯೂ ಕಾಲೇಜಿನ ಹುಡುಗಿಯರ ಕಿವಿಗಳಲ್ಲಿಯೂ ಕಾಣುವ ಮಣಿಯ ಓಲೆಯೋ, ಸಾಮಾನ್ಯವಾಗಿ ಅದಕ್ಕಿಂತ ಹಗುರ.

‘ಮಣಿ ಪೋಣಿಸುವುದರಲ್ಲಿ ಏನಿದೆ ಮಹಾ ವಿದ್ಯೆ?’ ಎಂದು ಕೇಳುವವರುಂಟು. ಪೋಣಿಸುವುದು ಬೇರೆ, ನೇಯುವುದು ಬೇರೆ. ಪೋಣಿಸಿದ ಸರದಲ್ಲಿ ದಾರವು ಪ್ರತಿ ಮಣಿಯನ್ನೂ ಒಮ್ಮೆ ಮಾತ್ರ ಹಾಯುತ್ತದೆ. ಒಂದು ಕಡೆ ಹರಿದರೆ ಮನೆಯ ಮೂಲೆ ಮೂಲೆಯಲ್ಲಿ ಮಣಿಗಳನ್ನು ಆರಿಸಬೇಕು. ನೇಯ್ಗೆಯಲ್ಲಾದರೆ ಪ್ರತಿ ಮಣಿಯೂ ತನ್ನ ನೆರೆಯ ಮಣಿಗಳಿಗೆ ಕಟ್ಟುಬಿದ್ದಿರುತ್ತದೆ. ನಮ್ಮ ಅಜ್ಜಿಯರು ಬಾಗಿಲಿಗೆ ಕಟ್ಟುತ್ತಿದ್ದ ಮಣಿಯ ತೋರಣ, ಸೌರಾಷ್ಟ್ರದ ಹೆಂಗಸರ ಮಣಿಗೆಲಸ, ಎಲ್ಲವೂ ಈ ಜಾತಿಗೆ ಸೇರಿದವು.

ಈ ನೇಯ್ಗೆಯನ್ನು ಕಿವಿಯ ಒಡವೆಗೆ ಒಗ್ಗಿಸಿ ಮೆರೆಸಿದವರಲ್ಲಿ ಉತ್ತರ ಅಮೆರಿಕದ ಮೂಲನಿವಾಸಿಗಳು ಮುಖ್ಯರು. ಮೊದಲು ಅವರ ಅಲಂಕಾರಕ್ಕೆ ಚಿಪ್ಪು, ಎಲುಬು, ಮುಳ್ಳುಹಂದಿಯ ಮುಳ್ಳು ಒದಗುತ್ತಿದ್ದವು. ಯುರೋಪಿನ ವ್ಯಾಪಾರಿಗಳು ವೆನಿಸ್ಸಿನ ಮತ್ತು ಬೊಹಿಮಿಯಾದ ಸಣ್ಣ ಗಾಜಿನ ಮಣಿಗಳನ್ನು ತಂದ ಮೇಲೆ ಆ ಕುಶಲ ಕೈಗಳಿಗೆ ಹೊಸ ಬಣ್ಣಗಳು ದೊರೆತವು. ಅವರ ಓಲೆಗಳಲ್ಲಿ ಹೆಸರಾದ ಒಂದು ಹೆಣಿಗೆಗೆ ಕಮಾಂಚಿ, ಷೆಯೆನ್ ಎಂಬ ಜನಾಂಗಗಳ ಹೆಸರುಗಳೇ ಅಂಟಿಕೊಂಡಿವೆ. ಗೋಡೆಯ ಇಟ್ಟಿಗೆಗಳಂತೆ ಮೇಲಿನ ಸಾಲಿನ ಮಣಿ ಕೆಳಗಿನ ಎರಡು ಮಣಿಗಳ ಸಂದಿನ ಮೇಲೆ ಕೂರುವುದರಿಂದ ಅದನ್ನು ‘ಇಟ್ಟಿಗೆ ಹೆಣಿಗೆ’ ಎಂದೂ ಕರೆಯುತ್ತಾರೆ. ಆಫ್ರಿಕದಲ್ಲಿಯೂ ಈ ಹೆಣಿಗೆ ಬಳಕೆಯಲ್ಲಿದೆ.

ಇದಕ್ಕೆ ಬೇಕಾದ ಸಾಮಗ್ರಿ ಅಲ್ಪ. ಹನ್ನೊಂದನೆಯ ನಂಬರಿನ ಮಣಿ, ಅಂದರೆ ಸುಮಾರು ೨ ಮಿಲಿಮೀಟರ್ ಗಾತ್ರದ್ದು; ನೂಲಿನಂತೆ ಇಲ್ಲಿಯೂ ನಂಬರು ಹೆಚ್ಚಿದಷ್ಟೂ ವಸ್ತು ಕಿರಿದು. ಮಣಿಗೆಲಸದ ಸಪೂರ ಸೂಜಿ, ಗಟ್ಟಿಯಾದ ನೈಲಾನ್ ದಾರ, ಕಿವಿಯ ಕೊಕ್ಕೆ ಎರಡು. ಮಣಿಗಳು ಒಂದೇ ಸಮನಾಗಿರುವುದು ಮುಖ್ಯ. ಜಪಾನಿನ ಹಿರೋಶಿಮಾ ಪ್ರಾಂತದ ಕಾರ್ಖಾನೆಗಳ ಮಣಿಗಳಿಗೆ ಬೆಲೆ ಹೆಚ್ಚಾದರೂ ಬೇಡಿಕೆ ಇರುವುದು ಈ ಸಮಾನತೆಗಾಗಿಯೇ. ಅಗ್ಗದ ಮಣಿಗಳನ್ನು ಕೊಂಡವರು, ಅಕ್ಕಿ ಆರಿಸುವಂತೆ ತಟ್ಟೆಯಲ್ಲಿ ಹರಡಿ, ದಪ್ಪನೆಯದನ್ನೂ ಸೊಟ್ಟನೆಯದನ್ನೂ ಮೊದಲೇ ತೆಗೆದುಬಿಡಬೇಕು.

ಆರಂಭಕ್ಕೆ ಒಂಬತ್ತು ಮಣಿಗಳ ಏಣಿ. ದಾರಕ್ಕೆ ಎರಡು ಮಣಿಗಳನ್ನು ಏರಿಸಿ, ಸೂಜಿಯನ್ನು ಮೊದಲನೆಯದರ ಬುಡದಿಂದ ಮತ್ತೊಮ್ಮೆ ಹಾಯಿಸಿ ಎಳೆದರೆ ಎರಡೂ ಅಕ್ಕಪಕ್ಕ ನಿಲ್ಲುತ್ತವೆ. ಸೂಜಿಯನ್ನು ಎರಡನೆಯದರೊಳಗೆ ಇಳಿಸಿ, ಮೂರನೆಯ ಮಣಿಯನ್ನು ತೆಗೆದುಕೊಂಡು, ಎರಡನೆಯದನ್ನು ಮೇಲಿನಿಂದ ಮತ್ತೆ ಹಾಯಬೇಕು. ಹೀಗೆಯೇ ಒಂಬತ್ತೂ ಸಾಲಾಗಿ ನಿಲ್ಲಬೇಕು. ಈಗ ಮಣಿಗಳ ನಡುವೆ, ಮೇಲ್ಗಡೆ, ದಾರದ ಕಿರಿಯ ಎಳೆಗಳು ಕಾಣುತ್ತವೆ. ಒಂಬತ್ತು ಮಣಿಗಳಿಗೆ ಎಳೆಗಳು ಎಂಟೇ. ಎರಡು ಮಣಿಗಳನ್ನು ಸೂಜಿಗೆ ತೆಗೆದುಕೊಂಡು, ಎರಡನೆಯ ಎಳೆಯ ಅಡಿಯಲ್ಲಿ ನುಸುಳಿಸಿ, ಎರಡನೆಯ ಮಣಿಯೊಳಗಿಂದ ಮೇಲಕ್ಕೆ ತಂದರೆ ಹೊಸ ಸಾಲು ಮೊದಲಾಯಿತು. ಅನಂತರ ಎಳೆಗೊಂದು ಮಣಿ. ಸಾಲು ಮುಗಿದಾಗ ಎಣಿಸಿ ನೋಡಿ: ಎಂಟು. ಮುಂದಿನದು ಏಳು. ಕತ್ತರಿಸದೆ, ಅಳೆಯದೆ ಸಾಲು ತಾನಾಗಿ ಕಿರಿದಾಗುತ್ತ ಎರಡು ಮಣಿಗಳಲ್ಲಿ ಗೋಪುರದ ತುದಿ ಮುಟ್ಟುತ್ತದೆ. ಅಲ್ಲಿಗೆ ೪೪ ಮಣಿಗಳು. ತುದಿಯಲ್ಲಿ ಆರು ಮಣಿಗಳ ಬಳೆಯೊಂದನ್ನು ಮಾಡಿ, ಅದರೊಳಗೆ ದಾರವನ್ನು ಎರಡು ಮೂರು ಬಾರಿ ಹಾಯಿಸಿದರೆ ಕೊಕ್ಕೆ ಅಲ್ಲಿ ತೂಗುತ್ತದೆ.

ಇನ್ನು ಕುಚ್ಚು. ಏಣಿಯ ಒಂದೊಂದು ಮಣಿಯಿಂದಲೂ ಒಂದೊಂದು ಎಳೆ ಇಳಿಯಬೇಕು: ಎಂಟು, ಹತ್ತು, ಹನ್ನೆರಡು, ಹದಿನಾಲ್ಕು, ನಡುವೆ ಹದಿನಾರು, ಮತ್ತೆ ಅದೇ ಲೆಕ್ಕದಲ್ಲಿ ಎಂಟಕ್ಕೆ. ಕಡೆಯ ಮಣಿಯೊಂದನ್ನು ಬಿಟ್ಟು ಉಳಿದವುಗಳೊಳಗೆ ಸೂಜಿಯನ್ನು ಹಿಂದಿರುಗಿಸಿದರೆ ಆ ಒಂದೇ ಮಣಿ ಇಡೀ ಎಳೆಗೆ ಬಿರಡೆಯಾಗುತ್ತದೆ. ಕುಚ್ಚಿಗೆ ೧೦೪ ಮಣಿಗಳು, ಒಂದು ಓಲೆಗೆ ೧೫೪, ಜೊತೆಗೆ ೩೦೮. ಇಷ್ಟೂ ಸೇರಿ ತೂಗುವುದು ಸುಮಾರು ಮೂರು ಗ್ರಾಂ!

ಹೊಸಬರ ಕೈ ತಪ್ಪುವುದು ದಾರದ ಬಿಗುವಿನಲ್ಲಿ. ಗೋಪುರದಲ್ಲಿ ದಾರ ಸಡಿಲವಾದರೆ ಮಣಿಗಳು ಬಾಯಿಬಿಡುತ್ತವೆ. ಕುಚ್ಚಿನಲ್ಲಿ ಅತಿಯಾಗಿ ಬಿಗಿದರೆ ಎಳೆಗಳು ಪೊರಕೆಯ ಕಡ್ಡಿಗಳಂತೆ ಸೆಟೆದು ನಿಲ್ಲುತ್ತವೆ. ಒಂದೇ ಓಲೆಯಲ್ಲಿ ಮೇಲೆ ಬಿಗಿ, ಕೆಳಗೆ ಸಡಿಲ: ಇದನ್ನು ಬೆರಳು ತಾನಾಗಿ ಕಲಿಯಬೇಕು. ಇನ್ನೊಂದು ಎಚ್ಚರ: ಹಲವು ಬಾರಿ ದಾರ ಹಾಯ್ದು ತುಂಬಿದ ತೂತಿನಲ್ಲಿ ಸೂಜಿಯನ್ನು ಬಲವಂತವಾಗಿ ತಳ್ಳಿದರೆ ಮಣಿ ಒಡೆಯುತ್ತದೆ, ನಡುವಿನ ಮಣಿ ಒಡೆದರೆ ಬಿಚ್ಚದೆ ಗತಿಯಿಲ್ಲ. ನಿಕ್ಕಲ್ ಬೆರೆತ ಕೊಕ್ಕೆಯಿಂದ ಕೆಲವರ ಕಿವಿ ತುರಿಸಿ ಕೆಂಪಾಗುವುದುಂಟು. ಅಂಥವರಿಗೆ ಬೆಳ್ಳಿಯದು ಲೇಸು. ತಲೆಗೆಣ್ಣೆ, ಸುಗಂಧ ದ್ರವ್ಯಗಳು ಅಗ್ಗದ ಮಣಿಯ ಬಣ್ಣವನ್ನು ಕೆಡಿಸುತ್ತವೆ.

ಇಷ್ಟೆಲ್ಲ ಶ್ರಮದ ಬೆಲೆಯೇನು? ಈ ಪ್ರಶ್ನೆಯನ್ನು ನಾವು ಕೇಳಿಕೊಳ್ಳುವುದೇ ಇಲ್ಲ. ನಮ್ಮ ಕಾಲೇಜಿನ ವಿದ್ಯಾರ್ಥಿನಿಯೊಬ್ಬಳು ಪ್ರದರ್ಶನವೊಂದರಲ್ಲಿ ಇಂತಹ ಓಲೆಗಳನ್ನಿಟ್ಟಿದ್ದಳು. ಚಿನ್ನದ ಬಳೆ ತೊಟ್ಟ ಗೃಹಿಣಿಯೊಬ್ಬರು ಬೆಲೆ ಕೇಳಿ, ‘ಬರೀ ಮಣಿಗೆ ಇಷ್ಟೇನಮ್ಮಾ?’ ಎಂದರು. ಹುಡುಗಿ, ‘ಮಣಿಗೆ ಅಲ್ಲ ಆಂಟಿ, ನಾಲ್ಕು ಗಂಟೆಗೆ’ ಎಂದಳು. ಉತ್ತರದಲ್ಲಿ ಉದ್ಧಟತನವಿರಲಿಲ್ಲ, ಲೆಕ್ಕವಿತ್ತು. ಕೈ ಪಳಗಿದವರಿಗೂ ಒಂದು ಜೊತೆಗೆ ಮೂರು ನಾಲ್ಕು ಗಂಟೆ ಬೇಕು. ಅಕ್ಕಸಾಲಿಗನಿಗೆ ಮಜೂರಿಯನ್ನು ಮರುಮಾತಿಲ್ಲದೆ ಕೊಡುವ ನಾವು, ಮನೆಯಲ್ಲಿ ಕುಳಿತು ಮಣಿ ನೇಯುವವಳ ಮುಂದೆ, ಸೀರೆಗೆ ಕುಚ್ಚು ಕಟ್ಟುವವಳ ಮುಂದೆ ಚೌಕಾಸಿಗೆ ನಿಲ್ಲುತ್ತೇವೆ. ಚಿನ್ನವನ್ನು ತಕ್ಕಡಿ ತೂಗುತ್ತದೆ. ಬಿಡುವಿನ ವೇಳೆಯ ಕೆಲಸವೆಂದು ಕರೆದುಬಿಟ್ಟರೆ ಹೆಂಗಸಿನ ದುಡಿಮೆಯನ್ನು ತೂಗುವ ತಕ್ಕಡಿಯೇ ಇರುವುದಿಲ್ಲ.

ಕೈಯ ಬೆಲೆಯೊಡನೆ ಹೆಸರಿನ ಬೆಲೆಯೂ ಸೇರಿದೆ. ಮೂಲನಿವಾಸಿಗಳು ಮಾಡದ ವಸ್ತುವನ್ನು ಅವರು ಮಾಡಿದುದೆಂದು ಹೇಳಿ ಮಾರುವುದು ಅಪರಾಧವೆಂದು ಅಮೆರಿಕ ಸಂಯುಕ್ತ ಸಂಸ್ಥಾನವು ೧೯೯೦ರಲ್ಲಿ ಕಾನೂನು ಮಾಡಿತು. ಹೆಣಿಗೆಯನ್ನು ಯಾರು ಬೇಕಾದರೂ ಕಲಿಯಬಹುದು. ಮಾಡಿದವರ ಹೆಸರನ್ನು ಕದಿಯಬಾರದು ಎಂಬುದು ಅದರ ತಿರುಳು. ನಮ್ಮ ಹುಡುಗಿಯರೂ ಆ ಗೋಪುರವನ್ನು ಕಲಿತು, ಇಳಕಲ್ಲಿನ ಸೆರಗಿನ ಬಣ್ಣಗಳನ್ನೋ ಬಾಗಿಲ ರಂಗೋಲಿಯ ಚುಕ್ಕಿಗಳ ಲೆಕ್ಕವನ್ನೋ ಅದರಲ್ಲಿ ಕೂರಿಸಿದರೆ, ಹೇಳಿಕೊಳ್ಳಲು ತಮ್ಮದೇ ಹೆಸರಿರುತ್ತದೆ.

ಮನೆಯಲ್ಲಿ ಮಗಳೋ ಸೊಸೆಯೋ ಮಣಿಯ ತಟ್ಟೆಯನ್ನು ಮುಂದಿಟ್ಟುಕೊಂಡು ಕುಳಿತರೆ, ‘ಕಾಲಹರಣ’ ಎನ್ನುವ ಮೊದಲು ಒಂದು ಸಾಲನ್ನು ತಾಳ್ಮೆಯಿಂದ ನೋಡಿ. ಎರಡು ಮಿಲಿಮೀಟರಿನ ಮಣಿಯ ತೂತಿಗೆ ಸೂಜಿ ಹಾಯಿಸುವ ಕಣ್ಣಿಗೆ ಬೆಳಕು ಬೇಕು. ಉಪದೇಶಕ್ಕೆ ಬದಲಾಗಿ ಆಕೆಯ ಬಳಿ ಒಂದು ಒಳ್ಳೆಯ ದೀಪವನ್ನಿಡಿ.