ಒಂದು ಮೊಬೈಲು, ಹತ್ತು ತಲೆ

ಕೊರೊನಾ ಬಂದು ಶಾಲೆಗೆ ಬೀಗ ಬಿದ್ದ ವರ್ಷ ಎಲ್ಲರೂ ಫೋನು ಎಣಿಸಿದರು. ಪಕ್ಕದಲ್ಲಿ ಕೂರುವವರು ಯಾರಿದ್ದಾರೆಂದು ಎಣಿಸಿದವರು ಕಡಿಮೆ. ಆನ್‌ಲೈನ್ ಪಾಠ ತಲೆಗೆ ಹತ್ತಿದ್ದು, ಹತ್ತದೇ ಹೋದದ್ದು ಈ ಎರಡನೇ ಲೆಕ್ಕದಿಂದ.

ಕಂದಾಯ ಇಲಾಖೆಗೆ ತುಮಕೂರು ಒಂದೇ ಜಿಲ್ಲೆ, ಶಿಕ್ಷಣ ಇಲಾಖೆಗೆ ಎರಡು. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ಸೇರಿದರೆ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಮಳೆ ನಂಬಿ ಕಡಲೆಕಾಯಿ ಬಿತ್ತುವ, ಕುರಿ ಸಾಕುವ, ಎರಡೂ ಕೈಕೊಟ್ಟರೆ ಬೆಂಗಳೂರಿನ ಬಸ್ಸು ಹತ್ತುವ ಸೀಮೆ ಇದು. ಶಿರಾ ತಾಲ್ಲೂಕಿನ ಬರಗೂರು ಆಂಧ್ರದ ಗಡಿಗೆ ಹತ್ತಿರದ ಊರು. ರಾಜ್ಯದ ಶಾಲಾ ಪಠ್ಯಪುಸ್ತಕಗಳನ್ನು ಪರಿಷ್ಕರಿಸಿದ ಸಮಿತಿಗೆ ಅಧ್ಯಕ್ಷರಾಗಿದ್ದ ಬರಗೂರು ರಾಮಚಂದ್ರಪ್ಪ ಹುಟ್ಟಿದ್ದು ಇಲ್ಲೇ. 2020ರ ಮಾರ್ಚಿನಲ್ಲಿ ಶಾಲೆಗಳು ಮುಚ್ಚಿದ ಮೇಲೆ, ಇನ್ನು ಪಾಠವೆಲ್ಲ ಮೊಬೈಲಿನಲ್ಲಿ ಎಂಬ ಮಾತು ಈ ಕಡೆಗೂ ಬಂತು.

ಇಂಥ ಊರಿನಲ್ಲಿ ಮೊಬೈಲು ಮಗುವಿನದಲ್ಲ, ಮನೆಯದು. ಹಗಲೆಲ್ಲ ಅಪ್ಪನ ಜೇಬಿನಲ್ಲಿ ಹೊಲಕ್ಕೋ ಗಾರೆ ಕೆಲಸಕ್ಕೋ ಹೋಗಿರುತ್ತದೆ. ಸಂಜೆ ಮನೆಗೆ ಬಂದಾಗ ಚಾರ್ಜ್ ಇರುವುದಿಲ್ಲ. ಚಾರ್ಜ್ ಇದ್ದರೆ ಕರೆನ್ಸಿ ಇರುವುದಿಲ್ಲ. ಎರಡೂ ಇದ್ದರೆ ರೇಂಜ್ ಸಿಗುವುದಿಲ್ಲ. ಎಲ್ಲ ಕೂಡಿಬಂದ ದಿನ ಮೊದಲು ಅಣ್ಣನ ಕೈಗೆ, ಆಮೇಲೆ ತಂಗಿಯ ಕೈಗೆ. 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ದೇಶದ ಗ್ರಾಮೀಣ ಮನೆಗಳಲ್ಲಿ ಇಂಟರ್ನೆಟ್ ಸೌಲಭ್ಯ ಇದ್ದದ್ದು ಸುಮಾರು ಶೇಕಡಾ 15ರಲ್ಲಿ. 2021ರ ಜೂನ್‌ನಲ್ಲಿ ಸುಳ್ಯ ತಾಲ್ಲೂಕಿನ ಗುತ್ತಿಗಾರು ಬಳಿ ಸುರಿಯುವ ಮಳೆಯಲ್ಲಿ, ರಸ್ತೆ ಬದಿ ಪಾಠ ಕೇಳುತ್ತಿದ್ದ ಮಗಳಿಗೆ ಅಪ್ಪ ಕೊಡೆ ಹಿಡಿದು ನಿಂತ ಚಿತ್ರ ದೇಶವೆಲ್ಲ ಸುತ್ತಿತು. ಎಲ್ಲರೂ ನೆಟ್‌ವರ್ಕ್ ಬಗ್ಗೆ ಮಾತಾಡಿದರು. ನನಗೆ ಆ ಚಿತ್ರದಲ್ಲಿ ಮುಖ್ಯವಾಗಿ ಕಂಡದ್ದು ಕೊಡೆ ಹಿಡಿದವನು.

ರಾಜ್ಯ ಸರ್ಕಾರ 2020ರ ಜುಲೈನಲ್ಲಿ ದೂರದರ್ಶನ ಚಂದನದಲ್ಲಿ ಹೈಸ್ಕೂಲು ಮಕ್ಕಳಿಗೆ ಪಾಠ ಶುರುಮಾಡಿತು. ಆಗಸ್ಟ್‌ನಲ್ಲಿ ವಿದ್ಯಾಗಮ ಯೋಜನೆ ಬಂತು. ಮಕ್ಕಳನ್ನು ಮೊದಲು ಮೂರು ಗುಂಪು ಮಾಡಿದರು: ಸ್ಮಾರ್ಟ್‌ಫೋನ್ ಇರುವವರು, ಬರೀ ಮಾತಾಡುವ ಫೋನ್ ಇರುವವರು, ಏನೂ ಇಲ್ಲದವರು. ಆಮೇಲೆ ಇಲಾಖೆ ಮಾಡಿದ ಕೆಲಸವೇ ಸ್ವಾರಸ್ಯದ್ದು. ಒಂದೇ ಬೀದಿಯ, ಒಂದೇ ಹಟ್ಟಿಯ ಮಕ್ಕಳನ್ನು ಒಟ್ಟುಗೂಡಿಸಿ, ಒಬ್ಬ ಮೇಷ್ಟ್ರಿಗೆ ಇಪ್ಪತ್ತು ಇಪ್ಪತ್ತೈದು ಮಕ್ಕಳಂತೆ ಒಪ್ಪಿಸಿತು. ಅರಳಿಕಟ್ಟೆ, ಗುಡಿಯ ಪೌಳಿ, ಸಮುದಾಯ ಭವನ, ಹುಣಸೆ ಮರದ ನೆರಳು ತರಗತಿಯಾದವು. ಜನರ ಬಾಯಲ್ಲಿ ಅದು ವಠಾರ ಶಾಲೆ. ತಂತ್ರಜ್ಞಾನದ ಹೆಸರಲ್ಲಿ ಹೊರಟ ಯೋಜನೆ ಕೂತದ್ದು ಜಗಲಿಯ ಮೇಲೆ.

ಅದು ಹೆಚ್ಚು ದಿನ ನಡೆಯಲಿಲ್ಲ. ಮಕ್ಕಳಿಗೂ ಶಿಕ್ಷಕರಿಗೂ ಕೊರೊನಾ ತಗುಲಿದ ಸುದ್ದಿ ಬರುತ್ತಿದ್ದಂತೆ ಅಕ್ಟೋಬರ್ 10ರಂದು ವಿದ್ಯಾಗಮವನ್ನು ನಿಲ್ಲಿಸಿದರು. 2021ರ ಜನವರಿ 1ರಿಂದ ಶಾಲೆಯ ಆವರಣದೊಳಗೇ ಮತ್ತೆ ಆರಂಭಿಸಿದರು. ನಿಲ್ಲಿಸಿದ್ದು ತಪ್ಪೆನ್ನಲಾಗದು, ಜೀವದ ಪ್ರಶ್ನೆ. ಆದರೆ ಶಾಲೆ ಮುಚ್ಚಿದ್ದಕ್ಕೆ ತೆತ್ತ ಬೆಲೆ ಸಣ್ಣದಲ್ಲ. ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಕರ್ನಾಟಕವೂ ಸೇರಿದಂತೆ ಐದು ರಾಜ್ಯಗಳ 16,067 ಸರ್ಕಾರಿ ಶಾಲಾ ಮಕ್ಕಳನ್ನು ಪರೀಕ್ಷಿಸಿ ನೋಡಿದಾಗ, ಹಿಂದಿನ ವರ್ಷ ಬರುತ್ತಿದ್ದ ಒಂದಾದರೂ ಭಾಷಾ ಕೌಶಲವನ್ನು ಶೇಕಡಾ 92 ಮಕ್ಕಳು ಮರೆತಿದ್ದರು. ಗಣಿತದಲ್ಲಿ ಇದು ಶೇಕಡಾ 82.

ಊರಿಗೊಂದು ಟಿ.ವಿ. ಇದ್ದ ಕಾಲ

ಪರದೆಯ ಮುಂದೆ ಊರು ಕೂರುವುದು ಕನ್ನಡ ನಾಡಿಗೆ ಹೊಸದಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ, ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ಪಾಠ ಬಂದಿತ್ತು. ಕರ್ನಾಟಕದಲ್ಲಿ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳು. ಊರಿಗೊಂದೇ ಪೆಟ್ಟಿಗೆ, ಬೆಳಿಗ್ಗೆ ಮಕ್ಕಳಿಗೆ, ಸಂಜೆ ದೊಡ್ಡವರಿಗೆ. ಅಂದು ಬಡತನದ ಕಾರಣಕ್ಕೆ ಎಲ್ಲರೂ ಒಟ್ಟಿಗೆ ಕೂರಬೇಕಾಯಿತು. ಒಬ್ಬೊಬ್ಬರ ಕೈಗೊಂದು ಪರದೆ ಬಂದಾಗ ನಾವು ಅದನ್ನು ಪ್ರಗತಿಯೆಂದು ಕರೆದೆವು. ಕಾರ್ಯಕ್ರಮ ಮುಗಿದ ಮೇಲೆ ಪಕ್ಕದವನ ಜತೆ ನಡೆಸುತ್ತಿದ್ದ ವಾದ ಎಲ್ಲಿ ಹೋಯಿತೆಂದು ಯಾರೂ ಕೇಳಲಿಲ್ಲ.

ಸೌಕರ್ಯಕ್ಕೆ ಕೊರತೆಯೇ ಇಲ್ಲದವರ ಕಥೆಯೂ ಇದೇ. ಎಂಐಟಿ, ಹಾರ್ವರ್ಡ್‌ಗಳ ಉಚಿತ ಆನ್‌ಲೈನ್ ಕೋರ್ಸುಗಳಿಗೆ ಹೆಸರು ಬರೆಸಿದವರಲ್ಲಿ ಮುಗಿಸಿದವರು 2017-18ರಲ್ಲಿ ಶೇಕಡಾ ಮೂರಕ್ಕಿಂತ ತುಸು ಹೆಚ್ಚು, ಅಷ್ಟೇ. 2012ರಲ್ಲಿ ಎಂಐಟಿಯ ವಿದ್ಯುನ್ಮಂಡಲ ಕೋರ್ಸಿಗೆ ಸೇರಿದ ಸುಮಾರು ಒಂದೂವರೆ ಲಕ್ಷ ಜನರಲ್ಲಿ ಪೂರ್ಣ ಅಂಕ ಪಡೆದವರು 340. ಅವರಲ್ಲೊಬ್ಬ ಮಂಗೋಲಿಯಾದ ಹದಿನೈದರ ಹುಡುಗ ಬಟ್ಟುಷಿಗ್. ಒಂಟಿ ಪ್ರತಿಭೆ ಎಂದು ಜಗತ್ತು ಹೊಗಳಿತು. ಆದರೆ ಆ ಕೋರ್ಸನ್ನು ಶಾಲೆಗೆ ತಂದವರು ಅವನ ಮುಖ್ಯೋಪಾಧ್ಯಾಯರು. ಅವನ ಶಾಲೆಯ ಒಂದಷ್ಟು ಮಕ್ಕಳು ಕೂಡಿ ಪಾಠ ನೋಡುತ್ತಿದ್ದರು, ಪ್ರಯೋಗ ಮಾಡಿಸಲು ಹೊರಗಿನಿಂದ ಒಬ್ಬರು ಬಂದಿದ್ದರು. ಅದೂ ಒಂದು ವಠಾರ ಶಾಲೆಯೇ.

ಮತ್ತೆ ಮಧುಗಿರಿ ಸೀಮೆಗೆ ಬಂದರೆ, ಪಾವಗಡದ ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ಶಾಲೆಯಲ್ಲಿ ಪಾಠ ಕನ್ನಡ. ಟಿ.ವಿ.ಯಲ್ಲಿ ವಿಜ್ಞಾನದ ಮೇಷ್ಟ್ರು ಪುಸ್ತಕದ ಕನ್ನಡದಲ್ಲಿ ದ್ಯುತಿಸಂಶ್ಲೇಷಣೆ ವಿವರಿಸಿದರೆ ಆ ಮಗುವಿಗೆ ಅರ್ಧ ದಾಟುವುದಿಲ್ಲ. ಪಕ್ಕದಲ್ಲಿ ಮೇಲಿನ ತರಗತಿಯ ಅಕ್ಕ ಒಬ್ಬಳಿದ್ದು, ವಿಡಿಯೊ ನಿಲ್ಲಿಸಿ, ಮನೆಯ ಮಾತಿನಲ್ಲಿ ಎರಡು ವಾಕ್ಯ ಹೇಳಿದರೆ ದಾಟುತ್ತದೆ. ಯಾವ ಆ್ಯಪೂ ಮಗುವಿನ ಮುಖ ನೋಡಿ, ‘ತಿಳೀಲಿಲ್ವೇನೋ?’ ಅಂತ ಕೇಳಿದ್ದು ಕಾಣೆ.

ಹಾಗೆಂದು ಸಮುದಾಯಕ್ಕೆ ಕಣ್ಣುಮುಚ್ಚಿ ಕೈಮುಗಿಯಲಾರೆ. ಗುಡಿಯ ಪೌಳಿಯಲ್ಲಿ ಪಾಠವೆಂದರೆ ದಲಿತ ಕೇರಿಯ ಮಗು ಎಲ್ಲಿ ಕೂರಬೇಕು? ಮೆಟ್ಟಿಲ ಮೇಲೋ, ಮರದ ಕೆಳಗೋ? ಶಾಲೆಯ ಕೊಠಡಿಗೆ ಎಷ್ಟೇ ಕುಂದಿರಲಿ, ಕಾನೂನಿನ ಪ್ರಕಾರ ಅದು ಎಲ್ಲರದು. ಊರಿನ ಕಟ್ಟೆ ರೂಢಿಯಲ್ಲಿ ಹಾಗಲ್ಲ. ಗೊಲ್ಲರಹಟ್ಟಿಯ ಹುಡುಗಿ ಮುಟ್ಟಾದ ದಿನಗಳಲ್ಲಿ ಹಟ್ಟಿಯಿಂದ ಹೊರಗೆ ಇರಬೇಕಾದ ಪದ್ಧತಿ ಈ ಭಾಗದಲ್ಲಿ ಇನ್ನೂ ಪೂರ್ತಿ ಅಳಿದಿಲ್ಲ. ಮನೆಯ ಮೊಬೈಲು ಆಗ ಅವಳ ಹಿಂದೆ ಹೋಗುತ್ತದೆಯೇ? ಊರು ಕಲಿಸುತ್ತದೆ ಎನ್ನುವವರು ಯಾರ ಊರು ಎಂದು ಕೂಡಲೇ ಕೇಳಿಕೊಳ್ಳಬೇಕು.

ನಡುವಿನ ಜಾಗ

ಹಾಗಾಗಿ ನನ್ನ ಕಣ್ಣು ಮನೆಗೂ ಗುಡಿಗೂ ನಡುವಿರುವ ಸಾರ್ವಜನಿಕ ಜಾಗದ ಮೇಲೆ. ಗ್ರಾಮ ಪಂಚಾಯಿತಿ ಗ್ರಂಥಾಲಯ ಅಂಥದ್ದು. 2020ರ ಕೊನೆಯಲ್ಲಿ ‘ಓದುವ ಬೆಳಕು’ ಕಾರ್ಯಕ್ರಮದಡಿ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಕೊಟ್ಟರು. ಈಗ ಅವು ‘ಅರಿವು ಕೇಂದ್ರ’ಗಳು, ಹಲವು ಕಡೆ ಕಂಪ್ಯೂಟರ್ ಬಂದಿವೆ. ಹಳೇ ಪೇಪರಿನ ವಾಸನೆಯ ಕೋಣೆಗೆ ಬಣ್ಣ ಬಳಿದದ್ದು ಒಳ್ಳೆಯದೇ. ಆದರೆ ಮೇಲ್ವಿಚಾರಕರ ಮೇಲೆ ಎಲ್ಲ ನಿಂತಿದೆ. ಹೈಸ್ಕೂಲು ಮಕ್ಕಳು ಬಿಡುವಾಗುವ ಸಂಜೆಯ ಹೊತ್ತಿಗೆ ಬಾಗಿಲು ತೆರೆದಿರಬೇಕು. ಒಂದು ಕಂಪ್ಯೂಟರಿಗೆ ಐವರನ್ನು ಕೂರಿಸಿ, ಹುಡುಗರ ಕೈಯಿಂದ ಮೌಸ್ ಬಿಡಿಸಿ ಹುಡುಗಿಯರಿಗೆ ಕೊಡಿಸುವ ಧೈರ್ಯವೂ ಬೇಕು. ಹಾಗೆ ಮಾಡುವವರಿಗೆ ಅದನ್ನು ಕೆಲಸವೆಂದು ಪರಿಗಣಿಸಿ ಸಂಬಳ ಕೊಡಬೇಕು.

ಐಐಟಿಗಳ ಆನ್‌ಲೈನ್ ಕೋರ್ಸು ನಡೆಸುವ ಎನ್‌ಪಿಟಿಇಎಲ್, ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಸ್ಥಳೀಯ ಘಟಕ ತೆರೆಯಿಸಿ, ಅಲ್ಲಿಗೊಬ್ಬ ಅಧ್ಯಾಪಕರನ್ನು ಹೊಣೆ ಮಾಡಿದೆ. ಇಪ್ಪತ್ತರ ಪ್ರಾಯದ, ಲ್ಯಾಪ್‌ಟಾಪ್ ಇರುವ ಹುಡುಗನಿಗೇ ಬೆನ್ನ ಹಿಂದೆ ಒಬ್ಬರಿರಲಿ ಎಂದು ಅವರಿಗೆ ತಿಳಿದಿತ್ತು. ಬರಗೂರಿನ ಎಂಟನೇ ತರಗತಿಯ ಹುಡುಗಿಗೆ ಮಾತ್ರ ವಾಟ್ಸ್‌ಆ್ಯಪ್‌ನಲ್ಲಿ ಲಿಂಕ್ ಕಳಿಸಿದರೆ ಸಾಕೆಂದು ತೀರ್ಮಾನಿಸಿದ್ದು ಯಾವ ಲೆಕ್ಕದಲ್ಲಿ?